ಚಾಟ್ ಡಿಲೀಟ್ ಮಾಡೋ ಮುಂಚೆ ಇದನ್ನ ಓದಿ

ಭಾಗ 1/8

ಶಾಪಿಂಗ್ ಆ್ಯಪ್‌ನ ಕಸ್ಟಮರ್ ಕೇರ್ ಚಾಟ್ ವಿಷಯದಲ್ಲಿ ನಮ್ಮ ಕ್ಲಾಸಲ್ಲೇ ಎರಡು ಪಾರ್ಟಿ ಇದೆ. ಒಂದು ಪಾರ್ಟಿಯವರು ಏನನ್ನೂ ಅಳಿಸಲ್ಲ. ಮೂರು ವರ್ಷದ ಹಿಂದೆ ತರಿಸಿದ ಚಪ್ಪಲಿಯ ಸೈಜ್ ಜಗಳ ಕೂಡ ಹಾಗೇ ಬಿದ್ದಿರುತ್ತೆ. ಇನ್ನೊಂದು ಪಾರ್ಟಿಯವರು ಸ್ಟೋರೇಜ್ ಫುಲ್ ಅಂತ ಬಂದ ತಕ್ಷಣ ಎಲ್ಲಾ ಸೆಲೆಕ್ಟ್ ಮಾಡಿ ಕ್ಲಿಯರ್ ಒತ್ತಿಬಿಡ್ತಾರೆ.

ನನ್ನ ಪ್ರಕಾರ ಎರಡೂ ಸರಿ ಇಲ್ಲ. ಚಾಟ್ ಅಳಿಸಬೇಕು, ಆದರೆ ಲೆಕ್ಕ ಚುಕ್ತಾ ಆದ ಮೇಲೆ. ಅಳಿಸೋ ಮುಂಚೆ ನಮ್ಮ ಹತ್ರ ಒಂದು ಕಾಪಿ ಇರಬೇಕು. ಯಾಕೆ ಅಂತ ಎಂಟು ಪೋಸ್ಟ್‌ನಲ್ಲಿ ಹೇಳ್ತೀನಿ. ಉದ್ದ ಇದೆ, ಬೇಕಾದ್ರೆ ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಮೊದಲು ಒಂದು ವಿಷಯ ಯೋಚಿಸಿ. ಹೊಸಪೇಟೆ ಬಜಾರಲ್ಲಿ ಮಿಕ್ಸಿ ತಗೊಂಡ್ರೆ, ಜಾರ್ ಒಡೆದಿದ್ರೆ ಬಿಲ್ ಹಿಡ್ಕೊಂಡು ಅದೇ ಅಂಗಡಿಗೆ ಹೋಗ್ತೀವಿ. ಅಂಗಡಿಯವರಿಗೆ ನಮ್ಮ ಮುಖ ಗೊತ್ತು, ಅಪ್ಪನ ಹೆಸರು ಗೊತ್ತು. "ಮೊನ್ನೆ ನೀವೇ ಹೇಳಿದ್ರಲ್ಲಣ್ಣ" ಅಂದ್ರೆ ಅವರು ಇಲ್ಲ ಅನ್ನೋಕೆ ಆಗಲ್ಲ. ಸಾಕ್ಷಿಗೆ ಪಕ್ಕದ ಅಂಗಡಿಯವರೂ ಇರ್ತಾರೆ.

ಆ್ಯಪ್‌ನಲ್ಲಿ ತಗೊಂಡಾಗ ಆ ಅಂಗಡಿ ಇಲ್ಲ. ಕಂಪ್ಲಿಯಲ್ಲಿ ಕೂತ್ರೂ, ಸಂಡೂರಲ್ಲಿ ಕೂತ್ರೂ, ಕಮಲಾಪುರದಲ್ಲಿ ಕೂತ್ರೂ ನಮಗೆ ಕಾಣೋದು ಚಾಟ್ ಕಿಟಕಿ ಒಂದೇ. ಬೆಳಗ್ಗೆ ಮಾತಾಡಿದವರು ಸಂಜೆ ಇರಲ್ಲ. ಮೊದಲ ಹತ್ತು ಮೆಸೇಜು ಮನುಷ್ಯರದ್ದೇ ಅಲ್ಲ, ಬಾಟ್‌ದು. ಅಂಥಲ್ಲಿ ಯಾರು ಏನು ಮಾತು ಕೊಟ್ರು ಅನ್ನೋದಕ್ಕೆ ಆ ಚಾಟ್ ಬಿಟ್ರೆ ನಮಗೆ ಬೇರೆ ಸಾಕ್ಷಿ ಇಲ್ಲ.

👉 ಮುಂದಿನದು: ಮೋಟಾರ್ ಕಥೆ

ಭಾಗ 2/8

ನಮ್ಮ ಓಣಿಯಲ್ಲಿ ಒಬ್ಬ ಅಕ್ಕ ಟೈಲರಿಂಗ್ ಮಾಡ್ತಾರೆ. ಬ್ಲೌಸು, ಫಾಲ್ಸು, ಸ್ಕೂಲ್ ಯೂನಿಫಾರ್ಮು. ಕಾಲಲ್ಲಿ ತುಳಿದು ಮಂಡಿನೋವು ಬಂತು ಅಂತ ಹೊಲಿಗೆ ಮಷಿನ್‌ಗೆ ಒಂದು ಮೋಟಾರ್ ಆನ್‌ಲೈನಲ್ಲಿ ತರಿಸಿದ್ರು. 2,150 ರೂಪಾಯಿ. ಬಂದ ಮೋಟಾರು ತಿರುಗಲೇ ಇಲ್ಲ. ಆ ಕಂಪನಿಯ ವಾಟ್ಸಾಪ್ ನಂಬರ್‌ಗೆ ಮೆಸೇಜ್ ಮಾಡಿದ್ರು. ಪಿಕಪ್ ಆದ 7 ದಿನದೊಳಗೆ ದುಡ್ಡು ವಾಪಸ್ ಅಂತ ಉತ್ತರ ಬಂತು. ಹುಡುಗ ಬಂದ, ಡಬ್ಬ ತಗೊಂಡು ಹೋದ. ಚೀಟಿ ಏನೂ ಕೊಡಲಿಲ್ಲ.

ಮನೆಯಲ್ಲಿ ಇರೋದು ಒಂದೇ ಫೋನು. ಪಿಯುಸಿ ಓದೋ ಮಗ ಸ್ಟೋರೇಜ್ ಫುಲ್ ಅಂತ ವಾಟ್ಸಾಪ್‌ನಲ್ಲಿ ಬೇಡವಾದ ಚಾಟ್ ಎಲ್ಲಾ ಕ್ಲಿಯರ್ ಮಾಡಿದ. ಅವನ ಕಣ್ಣಿಗೆ ಅದೂ ಕಂಪನಿಯ ಇನ್ನೊಂದು ಆಫರ್ ಮೆಸೇಜ್ ಥರಾನೇ ಕಂಡಿದೆ. ಹೋಯ್ತು.

ಹತ್ತು ದಿನ ಆದ್ರೂ ದುಡ್ಡು ಬರಲಿಲ್ಲ. ಮತ್ತೆ ಮೆಸೇಜ್ ಮಾಡಿದ್ರೆ ಬೇರೆ ಯಾರೋ ಬಂದು, ಪಿಕಪ್ ಆದ ಬಗ್ಗೆ ಮಾಹಿತಿ ಕಾಣ್ತಿಲ್ಲ, ಹಿಂದಿನ ಚಾಟ್‌ನ ಸ್ಕ್ರೀನ್‌ಶಾಟ್ ಕಳಿಸಿ ಅಂದ್ರು.

ಇಲ್ಲಿ ಸ್ವಲ್ಪ ನಿಲ್ಲಿ. ಕಂಪನಿಯವರೇ ಬರೆದ ಮಾತನ್ನ, ಅವರ ಸರ್ವರ್‌ನಲ್ಲೇ ಇರಬಹುದಾದ ಮಾತನ್ನ, ನೀವು ತೋರಿಸಿ ಅಂತ ಗ್ರಾಹಕರನ್ನ ಕೇಳ್ತಿದ್ದಾರೆ. ಕೊನೆಗೆ ಅಕ್ಕಂಗೆ ಕೈ ಹಿಡಿದಿದ್ದು ಎಸ್‌ಎಂಎಸ್. ಪಿಕಪ್ ನಂಬರ್ ಇದ್ದ ಒಂದು ಎಸ್‌ಎಂಎಸ್ ಉಳಿದಿತ್ತು, ಯಾಕಂದ್ರೆ ಎಸ್‌ಎಂಎಸ್ ಕಡೆ ಯಾರೂ ನೋಡಲ್ಲ. ಅದನ್ನ ಹಾಕಿ ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ ಇಮೇಲ್ ಮಾಡಿದ ಮೇಲೆ, ಆರನೇ ವಾರದಲ್ಲಿ ದುಡ್ಡು ಬಂತು.

2,150 ರೂಪಾಯಿ ಅಂದ್ರೆ ಅಕ್ಕಂಗೆ ಎಷ್ಟು ಬ್ಲೌಸ್ ಅಂತ ಅವರನ್ನೇ ಕೇಳಿ.

👉 ಮುಂದಿನದು: ಡಿಲೀಟ್ ಒತ್ತಿದ್ರೆ ನಿಜವಾಗಿ ಏನು ಅಳಿಯುತ್ತೆ?

ಭಾಗ 3/8

ಡಿಲೀಟ್ ಅನ್ನೋ ಒಂದೇ ಪದದಲ್ಲಿ ಮೂರು ಬೇರೆ ಬೇರೆ ಕೆಲಸ ಇದೆ. ಕಲಸಬೇಡಿ.

ಒಂದು, ನಮ್ಮ ಸ್ಕ್ರೀನಿಂದ ತೆಗೆಯೋದು. ವಾಟ್ಸಾಪ್‌ನಲ್ಲಿ ಕಂಪನಿ ಜೊತೆ ಮಾಡಿದ ಚಾಟನ್ನ ಕ್ಲಿಯರ್ ಮಾಡಿದ್ರೆ ಹೋಗೋದು ನಮ್ಮ ಕಡೆಯ ಕಾಪಿ ಮಾತ್ರ. ಅವರ ಕಡೆ ಇರೋದು ಇದ್ದೇ ಇರುತ್ತೆ. ಡಿಸಪಿಯರಿಂಗ್ ಮೆಸೇಜ್ ಆನ್ ಮಾಡಿಟ್ಟವರು ಇನ್ನೂ ಹುಷಾರಾಗಿರಬೇಕು. 24 ಗಂಟೆ, 7 ದಿನ, 90 ದಿನ ಅಂತ ಅಲ್ಲಿ ಆಯ್ಕೆ ಇದೆ. ರಿಫಂಡ್ ಮಾತುಕತೆಗೆ 7 ದಿನ ಇಟ್ಟಿದ್ರೆ ದುಡ್ಡು ಬರೋ ಮುಂಚೆ ಮಾತು ಮಾಯ.

ಎರಡು, ಅಕೌಂಟನ್ನೇ ತೆಗೆಯೋದು. ಇದು ದೊಡ್ಡ ಹೆಜ್ಜೆ. ಅಕೌಂಟ್ ಹೋದ್ರೆ ಆರ್ಡರ್ ಪಟ್ಟಿ, ಬಿಲ್ಲು, ವಾಲೆಟ್‌ನಲ್ಲಿ ಉಳಿದ ಚಿಲ್ಲರೆ ಎಲ್ಲಾ ನಮ್ಮ ಕೈಗೆ ಸಿಗದೇ ಹೋಗಬಹುದು. ಎರಡು ವರ್ಷದ ವಾರಂಟಿ ಇರೋ ಫ್ರಿಜ್ಜಿನ ಬಿಲ್ ಅಲ್ಲೇ ಇದ್ರೆ? ಮೊದಲು ಬಿಲ್ ಡೌನ್‌ಲೋಡ್, ಆಮೇಲೆ ಮಿಕ್ಕಿದ್ದು.

ಮೂರು, ನಿಮ್ಮ ಹತ್ರ ಇರೋ ನನ್ನ ಮಾಹಿತಿ ಅಳಿಸಿ ಅಂತ ಕಂಪನಿಗೆ ಬರೆದು ಕೇಳೋದು. ನಿಜವಾದ ಅಳಿಸುವಿಕೆ ಅಂದ್ರೆ ಇದೇ. ಇದರ ಕಾನೂನು ಭಾಗ 6ರಲ್ಲಿ.

ಬಿಕಾಂ ಓದೋರಿಗೆ ಇದು ಬೇಗ ಅರ್ಥ ಆಗುತ್ತೆ. ಅಕೌಂಟೆನ್ಸಿಯಲ್ಲಿ ಮೊದಲ ಪಾಠವೇ ವೋಚರ್ ಅಲ್ವಾ? ವೋಚರ್ ಇಲ್ಲದ ಎಂಟ್ರಿಗೆ ಬೆಲೆ ಇಲ್ಲ. ಕಂಪನಿ ಕಾಯ್ದೆ 2013ರ ಪ್ರಕಾರ ಕಂಪನಿಗಳು ಲೆಕ್ಕದ ಪುಸ್ತಕ, ವೋಚರ್‌ಗಳನ್ನ ಕನಿಷ್ಠ 8 ಹಣಕಾಸು ವರ್ಷ ಇಟ್ಕೊಂಡಿರಬೇಕು. ಅಂದ್ರೆ ನಾವು ಏನು ಅಳಿಸಿದ್ರೂ ನಮ್ಮ ಬಿಲ್ ಅವರ ಪುಸ್ತಕದಲ್ಲಿ ಇರುತ್ತೆ. ಖಾಲಿ ಆಗೋದು ನಮ್ಮ ಫೈಲ್. ಜಗಳ ಬಂದ ದಿನ ಒಬ್ಬರ ಕೈಯಲ್ಲಿ ಪುಸ್ತಕ, ಇನ್ನೊಬ್ಬರದು ಬರಿಗೈ.

👉 ಮುಂದಿನದು: ಹಾಗಾದ್ರೆ ಯಾವತ್ತೂ ಅಳಿಸಬಾರದಾ?

ಭಾಗ 4/8

ಅಳಿಸಬೇಕು. ನನ್ನ ಹತ್ರ ಮುಚ್ಚಿಡೋಕೆ ಏನೈತೆ ಅನ್ನೋ ಮಾತು ಹುಡುಗರು ಜಾಸ್ತಿ ಹೇಳೋದನ್ನ ಕೇಳಿದೀನಿ. ಹುಡುಗಿಯರನ್ನ ಕೇಳಿ ನೋಡಿ.

ನಮ್ಮ ಕಡೆ ಎಷ್ಟೋ ಮನೆಯಲ್ಲಿ ಶಾಪಿಂಗ್ ಅಕೌಂಟ್ ಒಂದೇ. ಅದು ಅಪ್ಪನ ನಂಬರ್‌ದೋ, ಅಣ್ಣನ ನಂಬರ್‌ದೋ ಆಗಿರುತ್ತೆ. ಅದರಲ್ಲೇ ಅಮ್ಮನ ಸೀರೆ, ಅಜ್ಜಿಯ ಮಂಡಿ ಬೆಲ್ಟು, ತಂಗಿಯ ಒಳ ಉಡುಪು, ಪಕ್ಕದ ಮನೆಯವರ ಕುಕ್ಕರ್ ಗ್ಯಾಸ್ಕೆಟ್. ಸೈಜ್ ಸರಿ ಇಲ್ಲ ಅಂತ ತಂಗಿ ಚಾಟ್‌ನಲ್ಲಿ ಅಳತೆ ಬರೀತಾಳೆ, ಕೇಳಿದ್ರು ಅಂತ ಫೋಟೋ ಹಾಕ್ತಾಳೆ. ಅದು ಅಣ್ಣನ ಫೋನಲ್ಲಿ ವರ್ಷಗಟ್ಟಲೆ ಕೂರುತ್ತೆ. ಪ್ರೆಗ್ನೆನ್ಸಿ ಕಿಟ್ ತರಿಸಿದವರು, ಚರ್ಮದ ಕಾಯಿಲೆಗೆ ಮುಲಾಮು ತರಿಸಿದವರು, ಕೂದಲು ಉದುರುತ್ತೆ ಅಂತ ಎಣ್ಣೆ ತರಿಸಿದ ಹುಡುಗರು, ಎಲ್ಲರ ಕಥೆಯೂ ಅದೇ ಚಾಟ್ ಪಟ್ಟಿಯಲ್ಲಿ. ತಪ್ಪು ಮಾಡಿದ್ದಕ್ಕೆ ಮುಚ್ಚಿಡೋದು ಬೇರೆ. ನಮ್ಮ ಮೈ, ನಮ್ಮ ಆರೋಗ್ಯ ನಮ್ಮ ವಿಷಯ ಅಂತ ಇಟ್ಕೊಳ್ಳೋದು ಬೇರೆ. ಎರಡನೆಯದಕ್ಕೆ ಯಾರ ಹತ್ರಾನೂ ಕಾರಣ ಹೇಳಬೇಕಿಲ್ಲ.

ಇನ್ನೊಂದು. ಫೋನ್ ಹಳೇದಾಯ್ತು ಅಂತ ಎಕ್ಸ್‌ಚೇಂಜ್‌ಗೆ ಹಾಕ್ತೀವಿ, ಇಲ್ಲಾ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಮಾರ್ತೀವಿ, ಇಲ್ಲಾ ಮಾವನ ಮಗನಿಗೆ ಕೊಡ್ತೀವಿ. ಆ್ಯಪ್ ಲಾಗೌಟ್ ಆಗಿರಲ್ಲ. ಅದರೊಳಗೆ ಮನೆ ವಿಳಾಸ ಇದೆ, ಎರಡು ಮೂರು ಫೋನ್ ನಂಬರ್ ಇದೆ, "ಮಧ್ಯಾಹ್ನ ಮನೇಲಿ ಯಾರೂ ಇರಲ್ಲ, ಸಂಜೆ ಬನ್ನಿ" ಅಂತ ನಾವೇ ಬರೆದ ಮೆಸೇಜ್ ಇದೆ.

ಅದಕ್ಕೇ ಹೇಳೋದು, ಅಳಿಸೋದು ಬೇಕೇ ಬೇಕು. ಯಾವಾಗ ಅನ್ನೋದೇ ಪ್ರಶ್ನೆ.

👉 ಮುಂದಿನದು: ಚಾಟ್‌ನಲ್ಲಿ ಬರೆಯಲೇಬಾರದ್ದು

ಭಾಗ 5/8

ಅಳಿಸೋ ಚಿಂತೆ ಅರ್ಧ ಕಡಿಮೆ ಆಗಬೇಕಾ? ಬರೆಯೋವಾಗಲೇ ಕಡಿಮೆ ಬರೀರಿ. ಕಂಪನಿಯ ಸರ್ವರ್‌ಗೆ ಒಂದು ಸಲ ಹೋದದ್ದನ್ನ ವಾಪಸ್ ತಗೊಳ್ಳೋದು ನಮ್ಮ ಕೈಯಲ್ಲಿ ಇಲ್ಲ.

❌ ಒಟಿಪಿ, ಯುಪಿಐ ಪಿನ್, ಕಾರ್ಡ್ ಹಿಂದಿನ ಮೂರಂಕಿ. ಇದನ್ನ ಯಾರು ಕೇಳಿದ್ರೂ ಚಾಟ್‌ನಲ್ಲಿ ಬರೆಯಬೇಡಿ. ದುಡ್ಡು ಪಡೆಯೋಕೆ ಯುಪಿಐ ಪಿನ್ ಬೇಕಾಗಿಲ್ಲ. ಪಿನ್ ಹಾಕಿದ್ರೆ ದುಡ್ಡು ಹೋಗುತ್ತೆ, ಬರಲ್ಲ.

❌ ಆಧಾರ್ ಫೋಟೋ. ಚೂಡಿದಾರ್ ವಾಪಸ್ ಮಾಡೋಕೆ ಆಧಾರ್ ಯಾಕೆ?

❌ ಬ್ಯಾಂಕ್ ವಿವರ. ಆನ್‌ಲೈನಲ್ಲಿ ಕಟ್ಟಿದ್ದ ದುಡ್ಡು ಸಾಮಾನ್ಯವಾಗಿ ಕಟ್ಟಿದ ದಾರಿಯಲ್ಲೇ ವಾಪಸ್ ಬರುತ್ತೆ. ಕ್ಯಾಶ್ ಆನ್ ಡೆಲಿವರಿ ಆಗಿದ್ರೆ ಅಕೌಂಟ್ ನಂಬರ್ ಬೇಕಾಗಬಹುದು. ಅದನ್ನ ಆ್ಯಪ್ ಒಳಗಿನ ರಿಫಂಡ್ ಫಾರಂನಲ್ಲೇ ಹಾಕಿ, ಮಾತಿನ ನಡುವೆ ಬರೆಯಬೇಡಿ.

❌ ಮನೆಯವರ ಕಥೆ. ನಾವು ಕನ್ನಡದವರು ಮಾತು ಶುರು ಮಾಡಿದ್ರೆ ಊರು ಸುತ್ತಿ ಬರ್ತೀವಿ. "ನಮ್ಮ ಅಪ್ಪಂಗೆ ಆಪರೇಷನ್ ಆಗಿತ್ತು, ಅದಕ್ಕೆ ಆಸ್ಪತ್ರೇಲಿ ಇದ್ವಿ" ಅಂತ ಬರೀಬೇಕಿಲ್ಲ. "ಡೆಲಿವರಿ ದಿನ ಮನೇಲಿ ಇರಲಿಲ್ಲ" ಅಂದ್ರೆ ಸಾಕು.

ಇನ್ನೊಂದು ಮುಖ್ಯ ವಿಷಯ. ಕಸ್ಟಮರ್ ಕೇರ್ ನಂಬರನ್ನ ಗೂಗಲ್‌ನಲ್ಲಿ ಹುಡುಕಬೇಡಿ. ಮೋಸಗಾರರು ತಮ್ಮ ನಂಬರನ್ನೇ ಕಂಪನಿ ನಂಬರ್ ಅಂತ ಹಾಕಿಟ್ಟಿರ್ತಾರೆ. ಆ್ಯಪ್ ತೆಗೆದು ಆರ್ಡರ್ ಒಳಗೆ ಹೋಗಿ ಅಲ್ಲಿಂದಲೇ ಚಾಟ್ ಶುರು ಮಾಡಿ. ಸ್ಕ್ರೀನ್ ಶೇರ್ ಮಾಡೋ ಆ್ಯಪ್ ಹಾಕ್ಕೊಳ್ಳಿ ಅಂದ್ರೆ ಅಲ್ಲಿಗೇ ಕಟ್ ಮಾಡಿ. ದುಡ್ಡು ಹೋಗಿಬಿಟ್ಟಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅಂಥ ಮೋಸದ ಚಾಟನ್ನ ನಾಚಿಕೆಯಿಂದ ಅಳಿಸಬೇಡಿ, ಪೊಲೀಸರಿಗೆ ಬೇಕಾಗೋದು ಅದೇ.

👉 ಮುಂದಿನದು: ಕಾನೂನು ನಮ್ಮ ಕಡೆ ಎಷ್ಟಿದೆ?

ಭಾಗ 6/8

ಸೆಕ್ಷನ್ ನಂಬರ್ ಬಾಯಿಪಾಠ ಬೇಡ, ಕೆಲಸಕ್ಕೆ ಬರೋದಷ್ಟೇ ಹೇಳ್ತೀನಿ.

📌 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಶಾಪಿಂಗ್ ಕಂಪನಿಗೂ ಗ್ರೀವೆನ್ಸ್ ಆಫೀಸರ್ ಇರಬೇಕು. ದೂರು ತಲುಪಿದೆ ಅಂತ 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಬೇರೆ ಬೇರೆ ಮಾರಾಟಗಾರರನ್ನ ಒಂದೇ ಕಡೆ ಕೂರಿಸೋ ಆ್ಯಪ್‌ಗಳು ಪ್ರತಿ ದೂರಿಗೂ ಟಿಕೆಟ್ ನಂಬರ್ ಕೊಡಬೇಕು. ಚಾಟ್ ಮುಗಿಸೋ ಮುಂಚೆ ಆ ನಂಬರ್ ಕೇಳೋದು ನಿಮ್ಮ ಹಕ್ಕು.

📌 ಗ್ರಾಹಕರ ಸಹಾಯವಾಣಿ 1915. ಕನ್ನಡದಲ್ಲೂ ಮಾತಾಡಬಹುದು.

📌 ಗ್ರಾಹಕರ ಆಯೋಗಕ್ಕೆ ಹೋಗಬೇಕಾದ್ರೆ ತೊಂದರೆ ಶುರುವಾದಾಗಿಂದ 2 ವರ್ಷ ಅವಕಾಶ. 2019ರ ಕಾಯ್ದೆ ಬಂದ ಮೇಲೆ ಕಂಪನಿ ಎಲ್ಲೇ ಇರಲಿ, ನಾವು ಇರೋ ಜಿಲ್ಲೆಗೆ ಸೇರಿದ ಆಯೋಗದಲ್ಲೇ ದೂರು ಹಾಕಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ಆನ್‌ಲೈನಲ್ಲೂ ಹಾಕಬಹುದು. ಅಂದ್ರೆ ಜಗಳ ಬಗೆಹರಿಯದ ಚಾಟ್‌ನ ಆಯುಷ್ಯ ಕನಿಷ್ಠ 2 ವರ್ಷ. ಅಲ್ಲೀತನಕ ಮುಟ್ಟಬೇಡಿ.

ಈಗ ಅಳಿಸೋ ಹಕ್ಕು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ 9 ಜಡ್ಜ್‌ಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳ್ತು. ಆ ಕೇಸಿಗೆ ಹೆಸರು ಬಂದಿರೋದು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ರಿಟೈರ್ ಆದ ಮೇಲೆ, ವಯಸ್ಸಾದ ಕಾಲದಲ್ಲಿ, ಆಧಾರ್ ವಿಷಯಕ್ಕೆ 2012ರಲ್ಲಿ ಕೋರ್ಟಿಗೆ ಹೋದವರು ಅವರು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮಾಹಿತಿ ಸರಿಪಡಿಸಿ, ಅಳಿಸಿ ಅಂತ ಕೇಳೋ ಹಕ್ಕು ಅದರಲ್ಲಿದೆ. 2 ಕೋಟಿಗಿಂತ ಹೆಚ್ಚು ಬಳಕೆದಾರರಿರೋ ಶಾಪಿಂಗ್ ಕಂಪನಿಗಳು, ಗ್ರಾಹಕರು 3 ವರ್ಷ ಅತ್ತ ತಲೆ ಹಾಕದಿದ್ರೆ ಅವರ ಮಾಹಿತಿ ಅಳಿಸಬೇಕು, ಅಳಿಸೋ 48 ಗಂಟೆ ಮುಂಚೆ ತಿಳಿಸಬೇಕು. ಆದರೆ ಈ ಮುಖ್ಯ ಭಾಗಗಳು ಜಾರಿಗೆ ಬರೋದು 18 ತಿಂಗಳ ನಂತರ, ಅಂದ್ರೆ 2027ರ ಮೇ ಹೊತ್ತಿಗೆ.

ಬೇರೆ ಕಾನೂನಿಗಾಗಿ ಇಟ್ಕೊಳ್ಳಲೇಬೇಕಾದ ದಾಖಲೆಯನ್ನ ಅಳಿಸಿ ಅಂತ ಕೇಳೋಕೆ ಆಗಲ್ಲ, ನೆನಪಿರಲಿ. ಬಿಲ್ ಇರುತ್ತೆ. ತಂಗಿಯ ಫೋಟೋ ಯಾಕಿರಬೇಕು ಅಂತ ಮಾತ್ರ ಕೇಳಬಹುದು, ಕೇಳಬೇಕು.

👉 ಮುಂದಿನದು: ಶಾಸನ ಮತ್ತು ಕಡತ

ಭಾಗ 7/8

ಹಂಪಿ ಪಕ್ಕದಲ್ಲಿದ್ದು ಶಾಸನದ ಮಾತಾಡದೆ ಇರೋಕಾಗುತ್ತಾ?

ವಿರೂಪಾಕ್ಷ ಗುಡಿಯಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ ಶಾಸನ ಇದೆ. 500 ವರ್ಷ ದಾಟಿದೆ. ದಾನ, ದತ್ತಿ, ಭೂಮಿಯ ವಿಷಯವನ್ನ ಕಲ್ಲಲ್ಲಿ ಕೆತ್ತಿಸಿದ್ದು ಎಲ್ಲರೂ ನೋಡಲಿ, ಮುಂದಿನವರು ತಪ್ಪಿಸದಿರಲಿ ಅಂತ. ಶಾಸನಗಳಲ್ಲಿ ಬರೋ ಆಚಂದ್ರಾರ್ಕ ಅನ್ನೋ ಪದ ಕೇಳಿರ್ತೀರಿ. ಸೂರ್ಯ ಚಂದ್ರ ಇರೋವರೆಗೂ ಅಂತ.

ಆದರೆ ಅದೇ ಗುಡಿ ಮುಂದಿನ ಬಜಾರಲ್ಲಿ ನಡೆದ ದಿನದಿನದ ಚೌಕಾಸಿ ಯಾವ ಕಲ್ಲಲ್ಲೂ ಇಲ್ಲ. ಇರಬೇಕಾಗೂ ಇರಲಿಲ್ಲ. ಹಿಂದೆ ನಮ್ಮ ನಾಡಿನ ವ್ಯಾಪಾರಿಗಳು ಲೆಕ್ಕಕ್ಕೆ ಕಡತ ಬಳಸ್ತಿದ್ರು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಚಿ, ಬಳಪದಲ್ಲಿ ಬರೆಯೋದು. ಬೇಡ ಅಂದಾಗ ಒರೆಸಿ, ಮತ್ತೆ ಬರೆಯೋದು. ಇವತ್ತು ಸರ್ಕಾರಿ ಫೈಲಿಗೆ ಕಡತ ಅಂತೀವಲ್ಲ, ಆ ಪದವೇ.

ನನ್ನ ವಾದ ಇಷ್ಟೇ: ಬಿಲ್ಲು ಉಳಿಯಲಿ, ಚಾಟು ಕಡತದ ಥರ ಇರಲಿ. ಲೆಕ್ಕ ಚುಕ್ತಾ ಆಗೋವರೆಗೆ ಇಬ್ಬರ ಹತ್ರವೂ ಇರಲಿ, ಆದ ಮೇಲೆ ಇಬ್ಬರ ಹತ್ರವೂ ಒರೆಸಿ ಹೋಗಲಿ. ಈಗ ಆಗ್ತಿರೋದು ಉಲ್ಟಾ. ನಮ್ಮ ಕಡೆ ಬೇಗ ಒರೆಸಿ ಹೋಗುತ್ತೆ, ಅವರ ಕಡೆ ಎಷ್ಟು ದಿನ ಇರುತ್ತೆ ಅಂತ ನಮಗೆ ಗೊತ್ತೇ ಆಗಲ್ಲ.

ಫ್ಲಿಪ್‌ಕಾರ್ಟ್, ಮಿಂತ್ರಾ, ಮೀಶೋ ಮೂರೂ ನಮ್ಮ ಬೆಂಗಳೂರಲ್ಲೇ ಇರೋ ಕಂಪನಿಗಳು. 2020ರಲ್ಲಿ ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ ಆ್ಯಪ್‌ಗೆ ಕನ್ನಡ ತಂದ್ವು, ಒಳ್ಳೇದು. ಅವರನ್ನೂ ಸೇರಿಸಿ ಎಲ್ಲಾ ಶಾಪಿಂಗ್ ಆ್ಯಪ್‌ಗಳಿಗೂ ನನ್ನ ಬೇಡಿಕೆ ಮೂರು. ಪ್ರತಿ ಚಾಟ್ ಕೊನೆಗೆ ಡೌನ್‌ಲೋಡ್ ಬಟನ್ ಇರಲಿ. ಈ ಚಾಟ್ ನಮ್ಮ ಹತ್ರ ಇಂಥ ದಿನದವರೆಗೆ ಇರುತ್ತೆ ಅಂತ ಒಂದು ಸಾಲು ಇರಲಿ. ಡಿಲೀಟ್ ಒತ್ತಿದಾಗ ಎಲ್ಲಿಂದ ಅಳಿಯುತ್ತೆ, ಎಲ್ಲಿ ಉಳಿಯುತ್ತೆ ಅಂತ ನೇರವಾಗಿ, ಕನ್ನಡದಲ್ಲಿ ಹೇಳಲಿ. ನಮ್ಮ ಓಣಿಯ ಅಕ್ಕ ಓದಿದ್ರೆ ಅರ್ಥ ಆಗೋ ಕನ್ನಡದಲ್ಲಿ.

ಅಷ್ಟೆಲ್ಲಾ ಖರ್ಚು ಯಾರು ಮಾಡ್ತಾರೆ ಅಂತ ಕೇಳಬಹುದು. ಒಂದು ಸೀರೆ ನೋಡಿದ್ರೆ ತಿಂಗಳು ಪೂರ್ತಿ ಅದೇ ಸೀರೆ ತೋರಿಸೋಕೆ ಬರೋರಿಗೆ ಒಂದು ಡೌನ್‌ಲೋಡ್ ಬಟನ್ ಹಾಕೋದು ಕಷ್ಟ ಅಂದ್ರೆ ನಾನಂತೂ ನಂಬಲ್ಲ.

👉 ಕೊನೆಯದು: ಏನು ಮಾಡಬೇಕು, ಯಾವ ಕ್ರಮದಲ್ಲಿ

ಭಾಗ 8/8

ಇದನ್ನ ಸ್ಕ್ರೀನ್‌ಶಾಟ್ ತಗೊಂಡು ಫ್ಯಾಮಿಲಿ ಗ್ರೂಪಿಗೆ ಹಾಕಿ.

1️⃣ ಚಾಟ್ ಮಾಡ್ತಾನೇ ಟಿಕೆಟ್ ನಂಬರ್ ಕೇಳಿ. ಅವರು ಕೊಟ್ಟ ಮಾತನ್ನ ಒಂದೇ ಸಾಲಲ್ಲಿ ನೀವೇ ಬರೀರಿ: "ಅಂದ್ರೆ ಇಂಥ ಆರ್ಡರ್‌ಗೆ ಇಷ್ಟು ರೂಪಾಯಿ, ಇಂಥ ತಾರೀಖಿನೊಳಗೆ ಬರುತ್ತೆ, ಸರಿನಾ?" ಅವರು ಹೌದು ಅನ್ನೋವರೆಗೆ ಕಿಟಕಿ ಮುಚ್ಚಬೇಡಿ.

2️⃣ ಸ್ಕ್ರೀನ್‌ಶಾಟ್ ತಗೊಳ್ಳಿ. ತಾರೀಖು, ಆರ್ಡರ್ ನಂಬರ್ ಕಾಣಬೇಕು. ಮಾತಿನ ಮಧ್ಯದ ತುಂಡು ಬೇಡ, ಮೊದಲಿಂದ ಕೊನೆವರೆಗೆ ಬೇಕು. ಆ್ಯಪ್‌ನಲ್ಲಿ ಇಮೇಲ್‌ಗೆ ಕಳಿಸೋ ಆಯ್ಕೆ ಇದ್ರೆ ಬಳಸಿ. ಇಲ್ಲಾ ನಿಮ್ಮ ಇಮೇಲ್‌ಗೆ ನೀವೇ ಕಳಿಸ್ಕೊಳ್ಳಿ, ಫೋನ್ ಕಳೆದ್ರೂ ಇರುತ್ತೆ.

3️⃣ ಪಿಕಪ್ ಹುಡುಗ ಬಂದಾಗ ಎಸ್‌ಎಂಎಸ್ ಬಂತಾ ನೋಡಿ, ಆಮೇಲೆ ಡಬ್ಬ ಕೊಡಿ. ಕೊಡೋ ಮುಂಚೆ ಡಬ್ಬದ ಫೋಟೋ ಒಂದು. ಅವರ ಜೊತೆ ಜಗಳ ಆಡಬೇಡಿ, ಬಿಸಿಲಲ್ಲಿ ಓಡಾಡೋರು ಅವರು, ನಿಯಮ ಮಾಡಿದವರಲ್ಲ.

4️⃣ "ರಿಫಂಡ್ ಆಗಿದೆ" ಅನ್ನೋ ಮೆಸೇಜ್ ನಂಬಿ ಅಳಿಸಬೇಡಿ. ಬ್ಯಾಂಕ್ ಪಾಸ್‌ಬುಕ್ಕಲ್ಲೋ ಸ್ಟೇಟ್‌ಮೆಂಟಲ್ಲೋ ದುಡ್ಡು ಕಂಡ ಮೇಲೆ ಲೆಕ್ಕ ಚುಕ್ತಾ. ವಾರಂಟಿ ಬಗ್ಗೆ ಮಾತಾಡಿದ ಚಾಟ್ ಆಗಿದ್ರೆ ವಾರಂಟಿ ಮುಗಿಯೋವರೆಗೆ. ಜಗಳ ಉಳಿದಿದ್ರೆ 2 ವರ್ಷ.

5️⃣ ಚುಕ್ತಾ ಆಯ್ತಾ? ಈಗ ಅಳಿಸಿ. ಚಾಟ್, ಗ್ಯಾಲರಿಯಲ್ಲಿ ಉಳಿದ ಫೋಟೋ, ಗ್ಯಾಲರಿಯ ಟ್ರ್ಯಾಶ್ ಫೋಲ್ಡರ್, ಮೂರೂ. ಹಳೇ ವಿಳಾಸ, ಹಳೇ ನಂಬರ್, ಸೇವ್ ಆಗಿರೋ ಕಾರ್ಡ್ ಕೂಡ ತೆಗೀರಿ.

6️⃣ ಫೋನ್ ಮಾರೋ ಮುಂಚೆ ಎಲ್ಲಾ ಆ್ಯಪ್‌ನಿಂದ ಲಾಗೌಟ್, ಆಮೇಲೆ ಫ್ಯಾಕ್ಟರಿ ರೀಸೆಟ್.

7️⃣ ಖಾಸಗಿ ಫೋಟೋ, ಆರೋಗ್ಯದ ವಿಷಯ ಕಳಿಸಿದ್ರೆ, ಕೆಲಸ ಮುಗಿದ ಮೇಲೆ ಗ್ರೀವೆನ್ಸ್ ಆಫೀಸರ್‌ಗೆ ನಾಲ್ಕು ಸಾಲು ಇಮೇಲ್ ಮಾಡಿ: ಆ ಫೋಟೋ ಅಳಿಸಿ, ಅಳಿಸಿದ ಮೇಲೆ ತಿಳಿಸಿ. ಉತ್ತರ ಬಾರದೇ ಇರಬಹುದು. ಆದರೂ ಕೇಳಿ. 2027 ಬರೋವರೆಗೆ ಕಾಯೋ ಅಗತ್ಯ ಇಲ್ಲ. ಕೇಳೋರು ಜಾಸ್ತಿ ಆದ್ರೆ ಕಂಪನಿಗಳೂ ಬೇಗ ತಯಾರಾಗ್ತಾವೆ.

ನಾವು 20 ವರ್ಷದೋರು ಮನೆಯಲ್ಲಿ ಎಲ್ಲರ ಪರವಾಗಿ ಆರ್ಡರ್ ಹಾಕ್ತೀವಿ. ಅಜ್ಜಿಗೆ, ಅತ್ತೆಗೆ, ಪಕ್ಕದ ಮನೆ ಆಂಟಿಗೆ. ಆರ್ಡರ್ ಹಾಕಿಕೊಟ್ಟೋರೇ ಅದರ ಸಾಕ್ಷಿಯನ್ನೂ ಇಟ್ಟುಕೊಡಬೇಕು, ಕೆಲಸ ಮುಗಿದ ಮೇಲೆ ಅವರ ವಿಷಯ ಅಳಿಸಿಯೂ ಕೊಡಬೇಕು. ಇದು ಕೂಡ ಆ ಸಹಾಯದ ಭಾಗ ಅಂತ ನನ್ನ ಅಭಿಪ್ರಾಯ.

ಒಪ್ಪಲ್ವಾ? ಕಾಮೆಂಟ್‌ನಲ್ಲಿ ಬೈರಿ, ಉತ್ತರ ಕೊಡ್ತೀನಿ. ನಿಮ್ಮದೂ ಇಂಥ ಅನುಭವ ಇದ್ರೆ ಬರೀರಿ, ಆದರೆ ಆರ್ಡರ್ ನಂಬರ್, ಫೋನ್ ನಂಬರ್ ಮಾತ್ರ ಕಾಮೆಂಟ್‌ನಲ್ಲಿ ಹಾಕಬೇಡಿ ಮಾರಾಯ್ರೇ 🙏

#ಹೊಸಪೇಟೆ #ಹಂಪಿ #ಕಂಪ್ಲಿ #ಸಂಡೂರು #ಬಿಕಾಂ_ಮಾತು #ಗ್ರಾಹಕರ_ಹಕ್ಕು #ಮೊದಲು_ಕಾಪಿ_ಆಮೇಲೆ_ಡಿಲೀಟ್